ನಾಲ್ಕನೇ ಸಿಲಿಂಡರ್

ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಭಾವ ಒಂದು ಬೆಳಿಗ್ಗೆ ಎಂಜಿನ್ ಬ್ಲಾಕನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತರು. ಸಿಲಿಂಡರ್ ಕೊರೆಯುವ ಬೋರಿಂಗ್ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಎದ್ದ.

ಜಗಳ ಹುಟ್ಟಿದ್ದೇ ಆ ಬ್ಲಾಕಿನಿಂದ. ಭಾವನ ತಂದೆಯ ಕಾಲದ ಕಾರಿನದು ಅದು. ಸಿಲಿಂಡರುಗಳು ಸವೆದು ಹೊಗೆ ಕಾರತೊಡಗಿದಾಗ ಮೇಸ್ತ್ರಿಯೇ ಅವನ್ನು ಕೊರೆದು ಅಗಲಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಕೂರುವಂತೆ ಮಾಡಿಕೊಟ್ಟಿದ್ದ. ಎರಡನೇ ದಿನವೇ ನಾಲ್ಕನೇ ಪಿಸ್ಟನ್ ಕಚ್ಚಿಕೊಂಡು ಕಾರು ನಡುದಾರಿಯಲ್ಲಿ ನಿಂತಿತು. "ನಿನಗೆ ಕೊರೆಯೋಕೆ ಬರಲ್ಲ" ಎಂದರು ಭಾವ. "ನಿಮಗೆ ಓಡಿಸೋಕೆ ಬರಲ್ಲ" ಎಂದ ಮೇಸ್ತ್ರಿ. ಕಾರು ಶೆಡ್ ಸೇರಿತು, ಇಬ್ಬರ ಮುಖವೂ ದಿಕ್ಕಿಗೊಂದಾಯಿತು. ಅಕ್ಕ ಮಾತ್ರ ನಡುವೆ ಸಿಕ್ಕಿ, ಫೋನಿನಲ್ಲಷ್ಟೇ ತಮ್ಮನ ದನಿ ಕೇಳುತ್ತಿದ್ದಳು.

"ಮೂರು ಕಡೆ ವಿಚಾರಿಸ್ದೆ. ಈ ಹಳೇದನ್ನ ಮುಟ್ಟೋಕೆ ಯಾರೂ ಒಪ್ಪಲಿಲ್ಲ," ಎಂದರು ಭಾವ, ಗೋಡೆ ನೋಡುತ್ತಾ. "ಇನ್ನೊಂದು ಸೈಜ್ ದೊಡ್ಡ ಪಿಸ್ಟನ್ ಸಿಕ್ಕಿದೆ. ಇದೇ ಕೊನೇ ಸೈಜಂತೆ."

"ಇಡಿ. ಕೂತ್ಕೊಳ್ಳಿ."

ಮೇಸ್ತ್ರಿ ಬ್ಲಾಕನ್ನು ತೊಳೆದು, ಅಳತೆಯ ಗೇಜ್ ಕೈಗೆತ್ತಿಕೊಂಡ. ಒಳಗೆಲ್ಲ ಗೀರು, ತುಕ್ಕು. ಪಿಸ್ಟನ್ ತಾಗದ ಮೇಲಂಚು ಮಾತ್ರ ಅಂದು ಕೊರೆದ ಹಾಗೇ ಇತ್ತು. ಮೂರು ಸಿಲಿಂಡರಿನ ಅಂಚು ಸರಿಯಾಗಿತ್ತು. ನಾಲ್ಕನೆಯದರಲ್ಲಿ ಗೇಜಿನ ಮುಳ್ಳು ಎರಡು ಗೆರೆ ಹಿಂದೆಯೇ ನಿಂತಿತು. ಗೇಜ್ ತೆಗೆದು, ಒರೆಸಿ, ಮತ್ತೆ ಇಳಿಸಿದ. ಅಷ್ಟೇ. ಇಕ್ಕಟ್ಟಾಗಿದ್ದದ್ದು ಕೂದಲೆಳೆಯ ದಪ್ಪಕ್ಕಿಂತ ಕಡಿಮೆ. ಬಿಸಿಗೆ ಹಿಗ್ಗಿದ ಪಿಸ್ಟನ್ ಕಚ್ಚಿಕೊಳ್ಳಲು ಅಷ್ಟು ಧಾರಾಳವಾಗಿ ಸಾಕು.

ಭಾವನಿಗೆ ಗೇಜ್ ಓದಲು ಬರುವುದಿಲ್ಲ. ತೆಪ್ಪಗೆ ಕೊರೆದುಬಿಟ್ಟರೆ ಸಾಕ್ಷಿಯಾಗಿದ್ದ ಆ ಅಂಚೂ ಪುಡಿಯಾಗಿ ಕಸ ಸೇರುತ್ತದೆ. ಮೇಸ್ತ್ರಿ ಗೇಜನ್ನು ಅಲ್ಲೇ ಬಿಟ್ಟು ತಲೆಯೆತ್ತಿದ.

"ಭಾವ, ಇಲ್ಲಿ ಬನ್ನಿ. ಈ ಮುಳ್ಳು ನೋಡಿ. ತಪ್ಪು ನಂದೇ. ಅವತ್ತು ಮೂರನ್ನ ಅಳೆದು, ನಾಲ್ಕನೇದು ಸರಿ ಇದ್ದೇ ಇರುತ್ತೆ ಅಂತ ಕೊಟ್ಬಿಟ್ಟೆ."

ಭಾವ ಬಗ್ಗಿ ನೋಡಿದರು. ಆಮೇಲೆ ತಲೆ ಕೆರೆದುಕೊಂಡರು.

"ಶುರುವಿಗೆ ನಿಧಾನ ಓಡಿಸಿ ಅಂದಿದ್ದೆ ನೀನು. ನಾನು ಒಂದು ಲಾರಿ ಜೊತೆ ರೇಸಿಗೆ ಬಿದ್ದೆ. ನಿಮ್ಮಕ್ಕನಿಗೂ ಹೇಳಿಲ್ಲ."

"ಲಾರಿ ಜೊತೆನಾ?"

"ಗೆದ್ದೆ ಕಣೋ! ಗೆದ್ದ ಮೇಲೇ ಕಚ್ಚಿಕೊಂಡಿದ್ದು."

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಭಾವನೂ ಬ್ಲಾಕಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕರು.

ಈ ಸಲ ಮೇಸ್ತ್ರಿ ಪ್ರತಿ ಪಿಸ್ಟನ್ನನ್ನೂ ಅಳೆದು ನಂಬರ್ ಹಾಕಿದ, ಪ್ರತಿ ಸಿಲಿಂಡರನ್ನೂ ಅದರದರ ಪಿಸ್ಟನ್ನಿಗೆ ತಕ್ಕಂತೆ ಕೊರೆದ. ಕೊನೆಗೆ ಸಾಣೆಕಲ್ಲು ಆಡಿಸಿ, ಎಣ್ಣೆ ಹಿಡಿದಿಡುವ ಸಣ್ಣ ಅಡ್ಡಗೆರೆಗಳನ್ನು ಮೂಡಿಸಿದ. ಭಾವ ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದರು.

ಎರಡು ವಾರದ ಮೇಲೆ ಅದೇ ಕಾರು ಮೇಸ್ತ್ರಿಯ ಮನೆ ಮುಂದೆ ಬಂದು ನಿಂತಿತು. ಹೊಗೆಯಿಲ್ಲ, ಸದ್ದು ಹದವಾಗಿತ್ತು. ಅಕ್ಕ ಇಳಿದವಳೇ ತಮ್ಮನ ಕೆನ್ನೆ ಮುಟ್ಟಿ, "ಎಷ್ಟು ಸೊರಗಿದ್ದೀಯೋ!" ಎಂದಳು. ಅವನ ಹೊಟ್ಟೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಬೆಳೆದಿತ್ತು. ಅವಳನ್ನು ಯಾರೂ ತಿದ್ದಲು ಹೋಗಲಿಲ್ಲ.