ಹಸಿರು ರಟ್ಟಿನ ಎರಡನೆಯ ಸಂಪುಟ

"ಬಿಚ್ಚಿ ನೋಡ್ರಿ ಸರ್, ಈಗ ಗುರ್ತಽ ಸಿಗೂದಿಲ್ಲ ನಿಮಗ," ಎಂದು ಜಹೀರುದ್ದೀನ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಂಟನ್ನು ಹೊಳಬಸಪ್ಪ ಮಾಸ್ತರರ ತೊಡೆಯ ಮೇಲಿಟ್ಟ.

ಗುರುತು ನಿಜಕ್ಕೂ ಸಿಗಲಿಲ್ಲ. ಒಳಗಿದ್ದದ್ದು ಕೆಂಪು ರೆಕ್ಸಿನ್ನಿನ ಹೊಚ್ಚಹೊಸ ಪುಸ್ತಕ. ಮೇಲೆ ಬಂಗಾರದ ಬಣ್ಣದಲ್ಲಿ, ಲಗ್ನಪತ್ರಿಕೆಯಂಥ ದುಂಡು ಕನ್ನಡ ಅಕ್ಷರ: 'ಶ್ರೀ ಹೊಳಬಸಪ್ಪ ಮಾಸ್ತರ, ಅಣ್ಣಿಗೇರಿ.' ಇದ್ಯಾವುದೋ ಬೇರೆ ಪುಸ್ತಕ, ಉಡುಗೊರೆ ಕೊಡುತ್ತಿದ್ದಾನೆ, ತಾವು ಹುಡುಕಿಕೊಂಡು ಬಂದದ್ದು ಇನ್ನೂ ಒಳಗಿದೆ ಎಂದುಕೊಂಡು ಮಾಸ್ತರರು ನಕ್ಕರು. ಆಮೇಲೆ ಮೊದಲ ಪುಟ ತೆರೆದರು. ಹುಡುಕಿಕೊಂಡು ಬಂದ ಪುಸ್ತಕ ಅದೇ. ನಗು ಅಲ್ಲೇ ನಿಂತಿತು.

ಮಾಸ್ತರರಿಗೆ ಇದ್ದ ಹುಚ್ಚು ಒಂದೇ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆಫ್ರಿಕಾ, ಅರಬಸ್ತಾನ, ಟಿಬೆಟ್ ಎಂದು ದಾರಿಯಿಲ್ಲದ ಕಡೆ ನುಗ್ಗಿದ ಸಾಹೇಬರು ಬರೆದ ಪುಸ್ತಕಗಳನ್ನು, ಅದೂ ಮೊದಲ ಮುದ್ರಣದವನ್ನೇ ಕೂಡಿಡುವುದು. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರಿಗೆ ಇದು ಹೇಗೆ ಅಂಟಿಕೊಂಡಿತೋ ದೇವರೇ ಬಲ್ಲ. ರಜೆ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಪುಣೆಯ ರದ್ದಿ ಅಂಗಡಿಗಳಲ್ಲಿ ಧೂಳು ಕುಡಿಯುತ್ತ ಕೂರುವರು. "ಓದೂ ಪುಸ್ತಕ ಆದ್ರ ಓದ್ರಿ, ಇಲ್ಲಾಂದ್ರ ಅಟ್ಟ ಖಾಲಿ ಮಾಡ್ರಿ," ಎಂದು ಹೆಂಡತಿ ರಾಮವ್ವ ಹೇಳಿ ಹೇಳಿ ಬೇಸತ್ತಿದ್ದಳು. ಆಫ್ರಿಕಾದ ನದಿಯೊಂದರ ಮೂಲ ಹುಡುಕಿ ಹೋದ ಸಾಹೇಬನೊಬ್ಬನ ಕಥನ ಎರಡು ಸಂಪುಟಗಳಲ್ಲಿ ಬಂದಿತ್ತು. ಮೊದಲನೆಯದು ಮಾಸ್ತರರ ಕೈಗೆ ಬಂದಾಗ ಮಗಳು ತೊಟ್ಟಿಲಲ್ಲಿದ್ದಳು. ಎರಡನೆಯದು ಕಣ್ಣಿಗೆ ಬಿದ್ದದ್ದು, ಅದೇ ಮಗಳ ಮದುವೆಗೆ ಜಮಖಾನ ಕೊಳ್ಳಲು ನವಲಗುಂದಕ್ಕೆ ಬಂದಾಗ, ಜಮಖಾನ ನೇಯುವ ಇದೇ ಮನೆಯಲ್ಲಿ.

ಜಹೀರುದ್ದೀನನ ಅಜ್ಜ ಒಬ್ಬ ಇಂಜಿನಿಯರ್ ಸಾಹೇಬನ ಅಡುಗೆಯವನಾಗಿದ್ದ. ಸಾಹೇಬ ವಿಲಾಯತಿಗೆ ಹೋಗುವಾಗ ಬಿಟ್ಟುಹೋದ ಟ್ರಂಕಿನಲ್ಲಿ ಅದಿತ್ತು. ಹಸಿರು ಬಟ್ಟೆ ಹೊದಿಸಿದ ರಟ್ಟು, ಅದರ ಮೇಲೆ ಬಂಗಾರದ ಅಚ್ಚಿನಲ್ಲಿ ಬಾಯಿ ತೆರೆದ ಮೊಸಳೆ. ಹೊಲಿಗೆ ಸಡಿಲಾಗಿತ್ತು, ಬೆನ್ನು ಹರಿದಿತ್ತು, ಉಳಿದದ್ದೆಲ್ಲ ಅಚ್ಚಿನ ಮನೆಯಿಂದ ಬಂದ ಹಾಗೆಯೇ ಇತ್ತು. ಇದನ್ನ ಕೊಡ್ತೀಯೇನಪಾ ಎಂದು ಮಾಸ್ತರರು ಏನೂ ಅಲ್ಲವೆಂಬಂತೆ ಕೇಳಿದ್ದರು. "ಅಜ್ಜನ ಸಾಮಾನ್ರಿ, ಅಮ್ಮನ್ನ ಕೇಳಿ ಹೇಳ್ತೀನಿ," ಎಂದಿದ್ದ ಜಹೀರುದ್ದೀನ. ಮದುವೆ ಮುಗಿಯಿತು, ಮಗಳು ಗಂಡನ ಮನೆಗೆ ಹೋದಳು, ಮಾಸ್ತರರಿಗೆ ಚಿಂತೆ ಮಾತ್ರ ಪುಸ್ತಕದ್ದೇ. ಕೊನೆಗೆ ನಿನ್ನೆ ಬಸ್ಸಿನ ಕಂಡಕ್ಟರ್ ಸುದ್ದಿ ತಂದ: "ಪುಸ್ತಕ ತಯಾರ ಆಗೇತಂತ್ರಿ, ಬರಬೇಕಂತ." ತಯಾರಾಗುವುದಕ್ಕೆ ಅದೇನು ಹೊಲಿಯಲು ಕೊಟ್ಟ ಅಂಗಿಯೇ ಎಂದು ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

"ಇದರ ರಟ್ಟು?" ಎಂದರು ಮಾಸ್ತರರು.

"ಹರದಿತ್ತಲ್ರಿ ಸರ್. ಹರಕ ಪುಸ್ತಕ ನಿಮ್ಮಂಥವ್ರ ಕೈಯಾಗ ಹೆಂಗ ಇಡೂದು? ಹುಬ್ಬಳ್ಳ್ಯಾಗ ಬೈಂಡರನ ಬಾಜೂಕ ಕುಂತು ಮಾಡಿಸೀನಿ. ಹಾಳಿ ಅಂಚು ಎಲ್ಲಾ ಹೆಂಗೆಂಗೋ ಇತ್ತು, ಮಷಿನ್ನಿಗೆ ಕೊಟ್ಟು ಕತ್ತರಿಸಿ ಅಗದಿ ಸಾಪ ಮಾಡಿಸೀನಿ. ನಕಾಶೆ ಮಡಿಕಿಗೆ ಹರೀತಿತ್ತು, ಹಿಂದ ಅರಿವಿ ಹಚ್ಚಿಸೀನಿ."

"ಕಡೀಕ ಜಾಹೀರಾತಿನ ಹಾಳಿ ಇದ್ವಲ್ಲಪಾ?"

"ತಗಿಸೇ ಬಿಟ್ಟೀನ್ರಿ. ನೂರು ವರ್ಷದ ಹಿಂದಿನ ಜಾಹೀರಾತು, ಯಾರಿಗೆ ಬೇಕ್ರಿ?"

ಮಾಸ್ತರರಿಗೆ ಬೇಕಿತ್ತು. ಆ ಹಾಳೆಗಳ ಅಡಿಯಲ್ಲಿ ಅಚ್ಚಾಗಿದ್ದ ತಿಂಗಳು, ಇಸವಿಯೇ ಇದು ಮೊದಲ ಮುದ್ರಣ ಎನ್ನುವುದಕ್ಕೆ ಸಾಕ್ಷಿ. ಇಂಥ ಪುಸ್ತಕ ಹರಿದಿದ್ದರೆ ಹರಿದ ಹಾಗೆಯೇ ಇರಬೇಕು. ಬಟ್ಟೆ, ಅಂಚು, ಜಾಹೀರಾತು, ಒಂದನ್ನೂ ಮುಟ್ಟಬಾರದು. ಮುಟ್ಟಿದರೆ ಅದು ಬರೀ ಓದುವ ಪುಸ್ತಕ. ಇಷ್ಟನ್ನು ಅಂದೇ ಎರಡು ಮಾತಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಆಸೆ ತೋರಿಸಿದರೆ ಎಲ್ಲಿ ಕೊಡದೆ ಹೋಗುತ್ತಾನೋ ಎಂಬ ಜಾಣತನದಲ್ಲಿ ಹೇಳಿರಲಿಲ್ಲ. ಈಗ ಸಿಟ್ಟು ಬಂತು. ತರಗತಿಯಲ್ಲಾಗಿದ್ದರೆ ಡಸ್ಟರ್ ಹಾರುತ್ತಿತ್ತು.

"ಖರ್ಚಿನ ಮಾತ ತಗೀಬ್ಯಾಡ್ರಿ ಮತ್ತ," ಎಂದ ಜಹೀರುದ್ದೀನ. "ನಿಮ್ಮ ಮಗಳ ಮದುವಿ ಉಡುಗೊರಿ ಅಂತ ಕೊಡು ಅಂದಾಳ ಅಮ್ಮ. ಹೆಂಗ ಆಗೇತ್ರಿ?"

ಅವನ ಮುಖ ನೋಡಿದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗಿತ್ತು.

"ಚಲೋ ಆಗೇತಿ," ಎಂದರು ಮಾಸ್ತರರು.

ಮಗ್ಗದ ಮುಂದೆ ಕುಳಿತು ನೂಲು ಬಡಿಯುತ್ತಿದ್ದ ಜಹೀರುದ್ದೀನನ ತಾಯಿ ಹಸನಬಿ ಇದನ್ನು ಕೇಳಿ ಸಮಾಧಾನದಿಂದ ಎದ್ದಳು. ಮೂಲೆಯ ಒಲೆಗೆ ಕಟ್ಟಿಗೆ ತುರುಕಿ ಚಹಾಕ್ಕೆ ಇಟ್ಟಳು. ಕಟ್ಟಿಗೆ ಹಸಿ. ಹೊಗೆ ಮನೆತುಂಬ ಎದ್ದಿತು. ಅವಳು ಗೋಡೆಗೆ ಆನಿಸಿದ್ದ ಏನನ್ನೋ ತೆಗೆದುಕೊಂಡು ಬೆಂಕಿಗೆ ಗಾಳಿ ಹಾಕತೊಡಗಿದಳು.

ಹಸಿರು ಬಟ್ಟೆಯ ರಟ್ಟು. ಕೈ ಬೀಸಿದಾಗಲೆಲ್ಲ ಮೊಸಳೆ ಮಿಂಚುತ್ತಿತ್ತು.

"ಗಟ್ಟಿ ಐತ್ರಿ," ಎಂದ ಜಹೀರುದ್ದೀನ, ಮಾಸ್ತರರ ಕಣ್ಣು ಅತ್ತ ಹೋದದ್ದನ್ನು ಕಂಡು. "ಬೈಂಡರ್ ಒಗೀತಿದ್ದ, ಒಲಿಗೆ ಬೀಸಾಕ ಬರತೈತಿ ಅಂತ ತಂದೀನಿ."

ಮಾಸ್ತರರು ಅರ್ಧ ಎದ್ದರು. ಅದೊಂದಾದರೂ ಉಳಿದರೆ ಪುಣೆಯ ಯಾರಾದರೂ ಬಲ್ಲವರ ಕೈಯಲ್ಲಿ ಮತ್ತೆ ಕೂರಿಸಬಹುದು. ಆದರೆ ಕೇಳುವುದು ಹೇಗೆ? ನಿಮ್ಮ ಹೊಸದು ಬೇಡ, ಒಲೆ ಮುಂದಿನ ಹಳೆಯದು ಬೇಕು ಎಂದು ಯಾವ ಬಾಯಿಂದ ಹೇಳುವುದು? ಆದದ್ದಾಗಲಿ ಎಂದು ಕೈ ಚಾಚಿ, "ಅಮ್ಮಾರ, ಅದನ್ನ..." ಎಂದರು. ಅಷ್ಟರಲ್ಲಿ ಹೊಗೆ ಗಂಟಲಿಗೆ ಹೊಕ್ಕಿತು. ಕೆಮ್ಮು ಹಿಡಿಯಿತು, ಕಣ್ಣಲ್ಲಿ ನೀರು ಬಂತು, ಚಾಚಿದ ಕೈ ಗಾಳಿಯಲ್ಲೇ ಆಡಿತು.

"ಅಮ್ಮಾ, ಸರ್‌ಗೆ ಹೊಗಿ ತಡಿವಲ್ದು," ಎಂದು ಜಹೀರುದ್ದೀನ ಗದರಿದ.

ಹಸನಬಿಗೆ ನಾಚಿಕೆಯಾಯಿತು. ಮನೆಗೆ ಬಂದ ಮಾಸ್ತರರನ್ನು ಹೊಗೆಯಲ್ಲಿ ಕೂರಿಸುವುದುಂಟೇ? "ಹಸೀ ಕಟಗಿ ತಂದ ಹಾಕ್ಯಾನ್ರಿ ಇಂವ. ತಡೀರಿ, ಈಗ ಹತ್ತತೈತಿ," ಎಂದವಳೇ ರಟ್ಟನ್ನು ಮೊಣಕಾಲಿಗೆ ಒತ್ತಿ ಎರಡು ತುಂಡು ಮಾಡಿ ಒಲೆಗೆ ತುರುಕಿದಳು.

ನೂರು ವರ್ಷ ಒಣಗಿದ ರಟ್ಟು. ಭಗ್ಗನೆ ಹತ್ತಿಕೊಂಡಿತು. ಹೊಗೆ ಕಡಿಮೆಯಾಯಿತು, ಚಹಾ ಒಂದೇ ಕುದಿಗೆ ಉಕ್ಕಿ ಬಂತು. ಹೂವಿನ ಚಿತ್ರದ ಕಪ್ಪು-ಬಸಿ ಹುಡುಕಿ ತೆಗೆದು, ತೊಳೆದು, ಹಸನಬಿ ಮೊದಲು ಮಾಸ್ತರರಿಗೆ ಕೊಟ್ಟಳು.

"ಸಕ್ರಿ ಸಾಕಾಗೇತೇನ್ರಿ?"

"ಸಾಕಾಗೇತ್ರಿ."

"ಮೊದಲನೇ ಭಾಗ ನಿಮ್ಮ ಮನ್ಯಾಗ ಐತಿ ಅಂದಿದ್ರಲ್ರಿ ಸರ್," ಎಂದ ಜಹೀರುದ್ದೀನ, ಅವರ ಪಕ್ಕಕ್ಕೆ ಸರಿದು ಕೂರುತ್ತ. "ಅದನ್ನೂ ತಂದು ಕೊಡ್ರಿ. ಇದಽ ರೆಕ್ಸಿನ್ನಿನಾಗ ಜೋಡಿ ಮಾಡಿಸಿ ಕೊಡ್ತೀನಿ."

ಮಾಸ್ತರರು ಚಹಾವನ್ನು ಬಸಿಗೆ ಸುರಿದುಕೊಂಡರು. ಆವಿ ಏಳುತ್ತಿತ್ತು. ಊದದೆಯೇ ಎತ್ತಿ ಕುಡಿದುಬಿಟ್ಟರು.