ಬೆಳೆಯುವ ಹುಡುಗಿಗೆಂದು ಬಿಟ್ಟ ಬಟ್ಟೆ

ಅಕ್ಕನ ಮಗಳು ಗುಬ್ಬಿಗೆ ಆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ ನಮ್ಮ ಪಾಲಿಗೆ ಬಂದ ಖರ್ಚು ಒಂದೇ, ವಕೀಲರು ಮೇಲೆ ಹಾಕಿಕೊಳ್ಳುವಂಥ ಕಪ್ಪು ಗೌನು. ಫೀಸು, ಊಟ, ಹಾಸ್ಟೆಲು ಎಲ್ಲವನ್ನೂ ವಿದ್ಯಾರ್ಥಿವೇತನ ನೋಡಿಕೊಳ್ಳುತ್ತಿತ್ತು. ಆದರೆ ಅಲ್ಲಿ ಹೊಸಬರಿಗೆಲ್ಲ ಒಂದು ಔತಣ ಇಡುತ್ತಾರೆ; ಗೌನಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಹೊಲಿಗೆ ಅಂಗಡಿ ಇಟ್ಟುಕೊಂಡವಳು ಗೌನಿಗೆ ಹೆದರುತ್ತೇನೆಯೇ? ಒಳ್ಳೆಯ ಬಟ್ಟೆ ತಂದು ನಾನೇ ಹೊಲಿದೆ.

ಬೆಳೆಯುವ ಮಕ್ಕಳಿಗೆ ನಾವು ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿಯುತ್ತೇವೆ. ವರ್ಷ ವರ್ಷ ಬಿಚ್ಚಿಕೊಂಡು ಹೋದರಾಯಿತು. ಗುಬ್ಬಿ ಬೆಳೆಯುವುದು ಎಂದೋ ನಿಂತಿದೆ, ಆದರೆ ನನ್ನ ಕೈ ಕೇಳಬೇಕಲ್ಲ. ಪಕ್ಕದಲ್ಲಿ, ತೋಳಿನಲ್ಲಿ, ಕೆಳಗಿನ ಮಡಿಕೆಯಲ್ಲಿ ಬಿಟ್ಟೇ ಬಿಟ್ಟೆ. ಗೌನು ದಿಂಬಿನಂತೆ ಉಬ್ಬಿಕೊಂಡಿತು.

ಔತಣದ ದಿನ ಬೆಳಿಗ್ಗೆ ಫೋನು ಬಂತು.

"ಚಿಕ್ಕಮ್ಮ, ನಾನು ಮನೆಗೆ ಬಂದ್ಬಿಡ್ತೀನಿ."

"ಯಾಕೆ, ಊಟ ಕ್ಯಾನ್ಸಲ್ಲಾ?"

"ಓದೋದೇ ಬೇಡ. ಇಲ್ಲಿ ಎಲ್ಲರ ಗೌನೂ ಅಜ್ಜಂದೋ ಅಜ್ಜೀದೋ, ಮಾಸಿ ಬೂದಿ ಬಣ್ಣಕ್ಕೆ ಬಂದಿದೆ. ಹಳೇದಾದಷ್ಟೂ ಜಂಬ. ಫಳಫಳ ಅನ್ನೋದು ನಂದೊಂದೇ. ನಿನ್ನೆ ಹಾಕ್ಕೊಂಡ್ರೆ, ರೂಮಲ್ಲಿರೋಳು 'ಇನ್ನೂ ಎಷ್ಟು ಬೆಳೀಬೇಕು ಅಂತಿದ್ದೀಯ' ಅಂತ ನಕ್ಕಳು."

ಅಂಗಡಿ ಬಾಗಿಲೆಳೆದು, ಕತ್ತರಿ, ಸೂಜಿ, ದಾರ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಬುದ್ಧಿ ಹೇಳಲು ಹೊರಟದ್ದಲ್ಲ. ಬುದ್ಧಿ ಅವಳಿಗೆ ನನಗಿಂತ ಜಾಸ್ತಿ ಇದೆ. ಉಬ್ಬಿದ್ದನ್ನು ಬಿಚ್ಚಿ ಸರಿಮಾಡಿದರೆ ಉಳಿದಾಳೇನೋ ಎಂದು ಹೊರಟೆ.

ಗುಬ್ಬಿ ಆಗಲೇ ಚೀಲ ಕಟ್ಟಿ ಕೂತಿದ್ದಳು. ಎದುರು ಮಂಚದಲ್ಲಿ ನಿನ್ನೆ ನಕ್ಕ ಹುಡುಗಿ. ಒಳ್ಳೆಯ ಈಜುಗಾತಿಯಂತೆ, ಬಾಗಿಲಗಲದ ಭುಜ. ಅವಳ ಮುಖವೂ ಬಾಡಿತ್ತು. ತೊಡೆಯ ಮೇಲಿದ್ದ ಹಳೆಯ ಗೌನು ಎರಡೂ ಕಂಕುಳಲ್ಲಿ ಬಾಯಿ ಬಿಟ್ಟಿತ್ತು.

"ಏನಮ್ಮ ಇದು ಅವತಾರ?"

"ಅಜ್ಜೀದು, ಆಂಟಿ. ಆಮೇಲೆ ಅಮ್ಮ ಹಾಕ್ಕೊಂಡಿದ್ರು. ಇಬ್ಬರೂ ಕಡ್ಡಿ ಥರ ಇದ್ರು. ಈಗ ಹಾಕಿ ನೋಡಿದೆ, ಪರ್ ಅಂತು."

"ಹೊಸದು ತಗೋಬಹುದಲ್ಲ. ನಿಮಗೇನು ಕಮ್ಮಿ?"

"ಹತ್ತು ತಗೋಬಹುದು. ಆದ್ರೆ ನಾನು ಇದನ್ನ ಹಾಕ್ಕೊಂಡಿರೋ ಫೋಟೋಗೆ ಅಜ್ಜಿ ಕಾಯ್ತಿದ್ದಾರೆ. ಏನಂತ ಹೇಳ್ಲಿ?"

ಗೌನಿನ ಒಳಮಗ್ಗುಲು ತಿರುಗಿಸಿದೆ. ಬಿಚ್ಚಿ ಅಗಲ ಮಾಡೋಣವೆಂದರೆ ಒಂದು ಬೆರಳಿನಷ್ಟೂ ಬಟ್ಟೆ ಬಿಟ್ಟಿಲ್ಲ. ಅನುಕೂಲಸ್ಥರ ದರ್ಜಿಗೆ ನಾಳೆಯ ಚಿಂತೆ ಯಾಕೆ? ಬಿಗಿಯಾದರೆ ಇನ್ನೊಂದು ಹೊಲಿಸುತ್ತಾರೆ.

"ಗುಬ್ಬಿ, ನಿನ್ನ ಗೌನು ತೆಗಿ. ಅದರೊಳಗೆ ಇನ್ನೊಂದು ಹುಡುಗಿಗೆ ಆಗುವಷ್ಟು ಬಟ್ಟೆ ಕೂತಿದೆ."

"ನಕ್ಕೋಳಿಗಾ?" ಗುಬ್ಬಿ ಮೆಲ್ಲಗೆ ಗೊಣಗಿದಳು.

ಅದು ಈಜುಗಾತಿಗೂ ಕೇಳಿಸಿತು. "ನಗಬಾರದಿತ್ತು ಕಣೆ," ಎಂದಳು. "ನನಗೋಸ್ಕರ ಯಾರೂ ಹೀಗೆ ಬಟ್ಟೆ ಬಿಟ್ಟು ಹೊಲಿದಿಲ್ಲ."

ಗುಬ್ಬಿ ಕಟ್ಟಿದ ಚೀಲ ಬಿಚ್ಚಿ ಗೌನು ಕೊಟ್ಟಳು. ಪಕ್ಕದ ಹೊಲಿಗೆ ಬಿಚ್ಚಲು ಇಬ್ಬರನ್ನೂ ಕೂರಿಸಿದೆ. ಬಿಚ್ಚಿದ್ದು ಸ್ವಲ್ಪ, ಹರಟಿದ್ದು ಜಾಸ್ತಿ. ನಾನು ಹೆಚ್ಚಿನ ಬಟ್ಟೆ ಕತ್ತರಿಸಿ ಹಳೆಯ ಗೌನಿನ ಕಂಕುಳಿಗೆ ತುಂಡು ಸೇರಿಸಿ ಹೊಲಿದೆ. ಗುಬ್ಬಿಯದು ಮೈಗೆ ಅಂದವಾಗಿ ಕೂತಿತು.

"ಎಷ್ಟು ಕೊಡ್ಲಿ, ಆಂಟಿ?"

"ದುಡ್ಡು ಬೇಡ. ಒಂದು ಮಾತು ಕೊಡು, ಕೈ ಮೇಲೆತ್ತಲ್ಲ ಅಂತ. ಬೂದಿ ಬಟ್ಟೆಗೆ ಕಪ್ಪು ತುಂಡು, ಕಂಕುಳಲ್ಲಿ ಕಾಗೆ ಕೂತಹಾಗಿದೆ."

"ಎತ್ತಲ್ಲ," ಎಂದು ನಕ್ಕಳು.

ಸಂಜೆ ಔತಣಕ್ಕೆ ಮನೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ನಾನು ಗಾಜಿನ ಬಾಗಿಲಾಚೆ ನಿಂತೆ. ಈಜುಗಾತಿ ಆಗಲೇ ನಡು ಮೇಜಿನಲ್ಲಿ ತನ್ನವರ ಜೊತೆ ಕೂತಿದ್ದಳು. ಗುಬ್ಬಿ ಒಳಗೆ ಕಾಲಿಟ್ಟವಳು ಎಲ್ಲಿ ಕೂರುವುದೆಂದು ತಿಳಿಯದೆ ನಿಂತುಬಿಟ್ಟಳು. ತಿರುಗಿ ನನ್ನನ್ನು ನೋಡಿದಳು. ಇನ್ನೊಂದು ಹೆಜ್ಜೆಗೆ ಹೊರಗೆ ಬರುತ್ತಿದ್ದಳು.

ಆಗ ಊಟದ ಹಾಲ್‌ನ ನಡುವೆ ಒಂದು ಕೈ ಮೇಲೆದ್ದಿತು. ಎತ್ತರಕ್ಕೆ, ಕಾಗೆ ಸಮೇತ. ಬಾ ಇಲ್ಲಿ ಎಂದು ಆ ಕೈ ಬೀಸುತ್ತಲೇ ಇತ್ತು. ಗುಬ್ಬಿ ಹೋಗಿ ಪಕ್ಕದಲ್ಲಿ ಕೂತಳು. ಯಾರೋ ಈಜುಗಾತಿಯ ಕಂಕುಳ ಕಡೆ ಬೆರಳು ಮಾಡಿದರು. ಅವಳು ಏನೋ ಹೇಳಿ ಬಾಗಿಲ ಕಡೆ ತೋರಿಸಿದಳು. ಮೇಜಿನವರೆಲ್ಲ ನನ್ನತ್ತ ತಿರುಗಿದರು.

"ಅವಳು 'ನಮ್ಮ ಚಿಕ್ಕಮ್ಮ ಹೊಲಿದದ್ದು' ಅಂದಳು," ಎಂದು ಗುಬ್ಬಿ ಮರುದಿನ ಫೋನಿನಲ್ಲಿ ಹೇಳಿದಳು. ಮನೆಗೆ ಬರುವ ಮಾತೆತ್ತಲಿಲ್ಲ.

ಕೊಟ್ಟ ಮಾತು ಮುರಿದದ್ದಕ್ಕೆ ನಾನು ಋಣಿಯಾಗಿರುವುದು ಆ ಹುಡುಗಿಯೊಬ್ಬಳಿಗೇ. ಗುಬ್ಬಿಯ ಗೌನಿನ ಕೆಳಗಿನ ಮಡಿಕೆಯನ್ನು ಮಾತ್ರ ಬಿಚ್ಚಿಲ್ಲ. ಅವಳಾದ ಮೇಲೆ ಹಾಕಿಕೊಳ್ಳುವವಳು ಉದ್ದವಿದ್ದರೆ ಬೇಕಾಗುತ್ತದೆ.