ಎಣ್ಣೆ ಬೋಲ್ಟಿನ ತಂತಿ

ನಾಳೆ ರೇಸ್ ಟ್ರ್ಯಾಕಿಗಿಳಿಯುವ ತಂಗಿಯ ಮಗನ ಬೈಕಿನ ಕನ್ನಡಿ ಬಿಚ್ಚಿ, ದೀಪಕ್ಕೆ ಟೇಪು ಸುತ್ತಿ, ಮೆಕ್ಯಾನಿಕ್ ಮಾವ ಎಂಜಿನ್ನಿನಡಿಯ ಎಣ್ಣೆ ಬೋಲ್ಟು ಸಡಿಲವಾಗದಂತೆ ತಂತಿ ಬಿಗಿದ. ಮೂರು ಸಲ ಎಳೆದು ನೋಡಿದ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಅಂಥದ್ದೇ ಕೆಲಸ. ಹೋದ ವರ್ಷದ ರೇಸಿನಲ್ಲಿ ಇದೇ ಬೈಕಿನಿಂದ ಸೋರಿದ ಎಣ್ಣೆಯ ಮೇಲೆ ಜಾರಿ, ಹಿಂದೆ ಬರುತ್ತಿದ್ದ ಮಾವನ ಒಬ್ಬನೇ ಮಗ ಸತ್ತಿದ್ದ.

"ತಪ್ಪು ನಂದೇ ಮಾವ," ಹೆಲ್ಮೆಟ್ಟನ್ನು ಚೀಲಕ್ಕೆ ತುರುಕುತ್ತ ಅಳಿಯ ಮತ್ತೆ ಅದೇ ಮಾತು ತೆಗೆದ. "ಟ್ರ್ಯಾಕ್ ಬಿಟ್ಟು ಗಾಡೀನ ಮಣ್ಣಿಗೆ ಇಳಿಸಿಬಿಟ್ಟೆ. ಕಲ್ಲು ಬಡಿದೇ ಬೋಲ್ಟು ಕಳಚಿದ್ದು."

ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಅಂದು ಮಗನ ಬೈಕಿಗೆ ಎರಡೆಳೆ ತಂತಿ ಬಿಗಿದಿದ್ದ ಮಾವ, ಒಂದು ದಿನಕ್ಕೆ ಏನಾದೀತು ಎಂದು ಅಳಿಯನ ಬೈಕಿನ ಬೋಲ್ಟನ್ನು ಹಾಗೇ ಬಿಟ್ಟಿದ್ದ.

ಮಾವ ಕೈಯ ಜಿಡ್ಡು ಒರೆಸಿಕೊಂಡ.

"ಆಗಿದ್ದಾಯ್ತು ಬಿಡಪ್ಪ," ಎಂದ. "ನಾನು ನಿನ್ನ ಯಾವತ್ತೋ ಕ್ಷಮಿಸಿದೀನಿ."